ಫೋಟೋದ ಹಿಂಬದಿಯಲ್ಲಿ ಏನುಂಟು?

ಮೇ ಅಥವಾ ನವೆಂಬರ್ ಬಂತೆಂದರೆ ನಮ್ಮ ಮೊಬೈಲುಗಳಿಗೆ ಒಂದು ಫೋಟೋ ಬಂದು ಬೀಳುತ್ತದೆ. ಕಪ್ಪು ಬಿಳುಪು ಚಿತ್ರ, ತಲೆಗೆ ಮುಂಡಾಸು, ಮುಖದಲ್ಲಿ ಗಡ್ಡ. ಕೆಳಗೆ ‘ಇದು ಟಿಪ್ಪು ಸುಲ್ತಾನರ ಅಸಲಿ ಫೋಟೋ’ ಎಂಬ ಒಕ್ಕಣೆ. ವಿಚಿತ್ರವೆಂದರೆ ಇದನ್ನು ಕಳಿಸುವವರಲ್ಲಿ ಎರಡು ಬಣ ಉಂಟು. ಟಿಪ್ಪುವನ್ನು ಹಳಿಯುವವರು ‘ಪಾಠಪುಸ್ತಕದ ಚೆಂದದ ಚಿತ್ರ ಸುಳ್ಳು, ನಿಜರೂಪ ಇದು’ ಅಂತ ಕಳಿಸುತ್ತಾರೆ. ನಮ್ಮವರು ‘ಮಾಶಾ ಅಲ್ಲಾಹ್, ಸುಲ್ತಾನರ ಫೋಟೋ ಸಿಕ್ಕಿತು’ ಅಂತ ಅದನ್ನೇ ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಇಬ್ಬರೂ ಒಂದು ಸಣ್ಣ ಲೆಕ್ಕ ಮಾಡಿದ್ದರೆ ಸಾಕಿತ್ತು.

ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದದ್ದು 1799ರ ಮೇ 4ರಂದು. ಫೋಟೋ ತೆಗೆಯುವ ವಿದ್ಯೆಯನ್ನು ಪ್ಯಾರಿಸ್‌ನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ನಡುವೆ 40 ವರ್ಷ. ಸುಲ್ತಾನರ ಮುಖ ನೋಡಬೇಕಿದ್ದರೆ ನಮಗಿರುವುದು ಕಲಾವಿದರು ಬರೆದ ಚಿತ್ರಗಳು ಮಾತ್ರ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ ತಂದೆ ಹೈದರಲಿಯೊಂದಿಗೆ ಅವರೂ ಇದ್ದಾರೆ. ಫೋಟೋ ಎಂಬುದು ಇಲ್ಲ, ಇರಲು ಸಾಧ್ಯವೂ ಇಲ್ಲ.

ಹಾಗಾದರೆ ಆ ಫೋಟೋದಲ್ಲಿರುವವರು ಯಾರು? ಝಾಂಝಿಬಾರಿನ ಹಮದ್ ಬಿನ್ ಮುಹಮ್ಮದ್ ಎಂಬ ವ್ಯಾಪಾರಿ. ಪೂರ್ವ ಆಫ್ರಿಕದಲ್ಲಿ ಆನೆದಂತ ಮತ್ತು ಗುಲಾಮರ ವ್ಯಾಪಾರ ಮಾಡಿ ಹೆಸರಾದವರು, 1905ರಲ್ಲಿ ತೀರಿಕೊಂಡವರು. ಜನ ಅವರನ್ನು ಕರೆಯುತ್ತಿದ್ದ ಹೆಸರು ‘ಟಿಪ್ಪು ಟಿಪ್’. ಹೆಸರಿನ ಅರ್ಧ ಹೊಂದಿತು, ಗಡ್ಡ ಮುಂಡಾಸು ಹೊಂದಿತು, ಅಷ್ಟೇ. ಗುಲಾಮರನ್ನು ಮಾರುತ್ತಿದ್ದವರ ಮುಖ ಮೈಸೂರಿನ ಸುಲ್ತಾನರ ಹೆಗಲ ಮೇಲೆ ಕೂತಿತು. ಅದನ್ನು ಅಲ್ಲಿ ಕೂರಿಸಲು ನಮ್ಮ ಬೆರಳುಗಳೂ ಸಹಾಯ ಮಾಡಿದವು ಎಂಬುದು ನುಂಗಲಾರದ ಮಾತು.

ಇದನ್ನು ಪತ್ತೆ ಮಾಡಿದ್ದು ದೊಡ್ಡ ಮಂತ್ರವೇನಲ್ಲ. ಅಕ್ಷರ ಬರೆದು ಹುಡುಕುವ ಬದಲು ಚಿತ್ರವನ್ನೇ ಕೊಟ್ಟು ಚಿತ್ರ ಹುಡುಕುವ ಸೌಲಭ್ಯ ಈಗ ಎಲ್ಲರ ಮೊಬೈಲಿನಲ್ಲಿ ಉಂಟು. ಅದರಲ್ಲಿ ಸಿಗುವ ನೂರು ಪ್ರತಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು, ಎಲ್ಲಕ್ಕಿಂತ ದೊಡ್ಡ ಅಳತೆಯದ್ದು ಯಾವುದು, ಅಂಚು ಕತ್ತರಿಸದೆ ಪೂರ್ತಿ ಇರುವುದು ಯಾವುದು ಅಂತ ನೋಡುತ್ತಾ ಹಿಂದೆ ಹೋಗಬೇಕು. ಹೋಗುತ್ತಾ ಹೋಗುತ್ತಾ ಒಂದು ಗ್ರಂಥಾಲಯದ ಅಥವಾ ಮ್ಯೂಸಿಯಂನ ಬಾಗಿಲು ಸಿಗುತ್ತದೆ. ಅಲ್ಲಿ ಮೂಲ ಪ್ರತಿ ಇರುತ್ತದೆ, ಅದರ ಜೊತೆಗೆ ಯಾರು ತೆಗೆದದ್ದು, ಯಾವಾಗ, ಎಲ್ಲಿ ಎಂಬ ವಿವರ ಇರುತ್ತದೆ.

ಇರುತ್ತದೆ ಅಂತ ಹೇಳಿದೆವು. ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ. ಆಗಲೇ ನಿಜವಾದ ಕೆಲಸ ಶುರುವಾಗುವುದು. ಸಂಬಳವಿಲ್ಲದೆ, ಹೆಸರಿನ ಆಸೆ ಇಲ್ಲದೆ, ಮುಖ ನೋಡದವರ ಜೊತೆ ಸೇರಿ ಈ ಕೆಲಸ ಮಾಡುವ ಜನ ಲೋಕದಲ್ಲಿ ಇದ್ದಾರೆ. ಈ ವಾರ ಅವರ ವಿಷಯ ಹೇಳೋಣ ಅಂತ.

ಬುಖಾರದ ಅಮೀರ, ಸಮರ್‌ಖಂದ್‌ನ ಹಣ್ಣಿನಂಗಡಿ

ಬುಖಾರ ಅಂದರೆ ನಮಗೆ ದೂರದ ಊರಲ್ಲ. ಸಹೀಹುಲ್ ಬುಖಾರಿಯ ಹೆಸರು ಕೇಳದ ಮನೆ ನಮ್ಮಲ್ಲಿ ಇಲ್ಲ. ಈ ಕರಾವಳಿಯ ಬುಖಾರಿ ತಂಙಳ್ ಮನೆತನಗಳು ತಮ್ಮ ಬೇರು ಹೇಳುವುದೂ ಅಲ್ಲಿಯದ್ದೇ. ಆ ಊರಿನ ಕೊನೆಯ ಅಮೀರ ಆಲಿಂ ಖಾನರ ಒಂದು ಬಣ್ಣದ ಫೋಟೋ ಉಂಟು. ನೀಲಿ ರೇಷ್ಮೆಯ ಜುಬ್ಬ, ಸೊಂಟದಲ್ಲಿ ಪಟ್ಟಿ, ಕೈಯಲ್ಲಿ ಕತ್ತಿ. ನೋಡಿದರೆ ಕಳೆದ ವರ್ಷ ತೆಗೆದ ಹಾಗಿದೆ. ಅದು 1911ರದ್ದು!

ತೆಗೆದವರು ರಷ್ಯದ ಸೆರ್ಗೈ ಪ್ರೊಕುದಿನ್ ಗೋರ್ಸ್ಕಿ. ಬಣ್ಣದ ಫಿಲ್ಮು ಇಲ್ಲದ ಕಾಲ ಅದು. ಇವರು ಒಂದೇ ಉದ್ದನೆಯ ಗಾಜಿನ ತಟ್ಟೆಯ ಮೇಲೆ ಒಂದರ ಹಿಂದೆ ಒಂದರಂತೆ ಮೂರು ಸಲ ಚಿತ್ರ ತೆಗೆಯುತ್ತಿದ್ದರು. ಒಂದು ನೀಲಿ ಗಾಜಿನ ಮೂಲಕ, ಒಂದು ಹಸಿರು, ಒಂದು ಕೆಂಪು. ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಪರದೆಗೆ ಬಿಟ್ಟು ಒಂದರ ಮೇಲೊಂದು ಕೂರಿಸಿದರೆ ನಿಜದ ಬಣ್ಣ ಬರುತ್ತಿತ್ತು. ಮೂರು ಸಲ ತೆಗೆಯುವ ತನಕ ಎದುರಿಗಿದ್ದವರು ಅಲುಗಾಡುವ ಹಾಗಿಲ್ಲ. ಅಮೀರರು ಅಲುಗಾಡಲಿಲ್ಲ. ಹೊಳೆಯ ನೀರು ಮಾತ್ರ ಯಾರ ಮಾತೂ ಕೇಳುವುದಿಲ್ಲವಲ್ಲ, ಹಾಗಾಗಿ ಅವರ ಚಿತ್ರಗಳಲ್ಲಿ ಹರಿಯುವ ನೀರಿನ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಕ್ರಾಂತಿಯ ನಂತರ, 1918ರಲ್ಲಿ ಅವರು ರಷ್ಯ ಬಿಟ್ಟು ಹೊರಟರು. ಅವರು ತೀರಿಕೊಂಡದ್ದು ಪ್ಯಾರಿಸ್‌ನಲ್ಲಿ, 1944ರಲ್ಲಿ. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಕುಟುಂಬದಿಂದ ಈ ಸಂಗ್ರಹ ಕೊಂಡುಕೊಂಡಿತು. ಗಾಜಿನ ನೆಗೆಟಿವ್‌ಗಳೇ 1,902. ಸಮರ್‌ಖಂದ್‌ನ ರೇಗಿಸ್ತಾನ್ ಮದ್ರಸಗಳು, ಅಲ್ಲಿಯ ಪೇಟೆಯಲ್ಲಿ ಹಣ್ಣು ಗುಡ್ಡೆ ಹಾಕಿ ಮಾರುವವರು, ಉರಾಲ್ ಪರ್ವತದ ಕಾರ್ಖಾನೆಗಳು, ಕಾಕಸಸ್‌ನ ಹಳ್ಳಿಗಳು ಎಲ್ಲ ಅದರಲ್ಲಿ ಉಂಟು. ಆದರೆ ಎಲ್ಲ ಚಿತ್ರಕ್ಕೂ ಹೆಸರು ಇರಲಿಲ್ಲ. ಒಂದು ಹೊಳೆ, ಒಂದು ಗುಡ್ಡ, ಒಂದು ಮನೆ. ಎಲ್ಲಿಯದ್ದು? ವಾಷಿಂಗ್ಟನ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಈ ಸಂಗ್ರಹವನ್ನು ಗ್ರಂಥಾಲಯ ಕಂಪ್ಯೂಟರಿಗೆ ಏರಿಸಿ ಎಲ್ಲರೂ ನೋಡುವ ಹಾಗೆ ಬಿಟ್ಟಿತು. ಆಮೇಲೆ ರಷ್ಯದಲ್ಲಿ ಕೆಲವರು ಸ್ವಇಚ್ಛೆಯಿಂದ ಸೇರಿಕೊಂಡು ಒಂದೊಂದೇ ಚಿತ್ರದ ಊರು ಹುಡುಕಲು ಹೊರಟರು. ಒಬ್ಬರಿಗೆ ಹಳೆಯ ರೈಲು ಮಾರ್ಗದ ನಕ್ಷೆ ಬಾಯಿಪಾಠ. ಇನ್ನೊಬ್ಬರಿಗೆ ಇಗರ್ಜಿಗಳ ಗೋಪುರದ ಆಕಾರ ನೋಡಿಯೇ ಯಾವ ಜಿಲ್ಲೆ ಅಂತ ಹೇಳಲು ಬರುತ್ತದೆ. ಮತ್ತೊಬ್ಬರು ಆ ಊರಿನವರೇ. ಕ್ಯಾಮೆರಾ ಹಿಡಿದು ಹೋಗಿ, ನೂರು ವರ್ಷದ ಹಿಂದೆ ಅವರು ನಿಂತ ಜಾಗದಲ್ಲೇ ನಿಂತು ಅದೇ ಕೋನದಲ್ಲಿ ಫೋಟೋ ತೆಗೆದು ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಮನೆ ಬಿದ್ದಿರುತ್ತದೆ, ಮರ ಹೋಗಿರುತ್ತದೆ, ಗುಡ್ಡದ ಬೆನ್ನು ಮಾತ್ರ ಹಾಗೇ ಇರುತ್ತದೆ. ಅದನ್ನು ನೋಡಿ ಉಳಿದವರು ‘ಸರಿ’ ಅಂತಲೋ ‘ಇಲ್ಲ, ಇಲ್ಲಿ ನೆರಳು ಬೇರೆ ಕಡೆಗೆ ಬಿದ್ದಿದೆ’ ಅಂತಲೋ ಹೇಳುತ್ತಾರೆ. ಜಗಳವೂ ಆಗುತ್ತದೆ. ಜಗಳ ಆಗಬೇಕು ಕೂಡ. ಒಬ್ಬರು ಹೇಳಿದ್ದನ್ನು ಹತ್ತು ಜನ ‘ಹೌದು ಹೌದು’ ಅಂದರೆ ಅದು ನಮ್ಮ ವಾಟ್ಸ್‌ಆ್ಯಪ್ ಗ್ರೂಪ್ ಆಯಿತು.

ಅದೇ ಗ್ರಂಥಾಲಯ 2008ರ ಜನವರಿಯಲ್ಲಿ ಇನ್ನೊಂದು ಕೆಲಸ ಮಾಡಿತು. ತನ್ನಲ್ಲಿದ್ದ ಸುಮಾರು 3,000 ಹಳೆಯ ಫೋಟೋಗಳನ್ನು ಫ್ಲಿಕರ್ ಎಂಬ ಚಿತ್ರತಾಣದಲ್ಲಿ ಹಾಕಿ ‘ನಿಮಗೆ ಗೊತ್ತಿದ್ದರೆ ಹೇಳಿ’ ಅಂತ ಜನರನ್ನೇ ಕೇಳಿತು. ಅದರಲ್ಲಿ ಅರ್ಧದಷ್ಟು ಬೇನ್ ಎಂಬ ಹಳೆಯ ಸುದ್ದಿ ಸಂಸ್ಥೆಯ ಗಾಜಿನ ನೆಗೆಟಿವ್‌ಗಳು; ಒಂದೆರಡು ಪದ ಗೀಚಿದ್ದು ಬಿಟ್ಟರೆ ಬೇರೆ ವಿವರ ಇಲ್ಲ. ಜನ ಆ ಎರಡು ಪದ ಹಿಡಿದುಕೊಂಡು ಆ ಕಾಲದ ಪತ್ರಿಕೆಗಳ ರಾಶಿಗೆ ಇಳಿದರು. ಹತ್ತು ತಿಂಗಳೊಳಗೆ 7,000ಕ್ಕೂ ಹೆಚ್ಚು ಟಿಪ್ಪಣಿ ಬಂದವು. ಅವುಗಳನ್ನು ಸಿಬ್ಬಂದಿ ಪರಿಶೀಲಿಸಿ 500ಕ್ಕಿಂತ ಹೆಚ್ಚು ಚಿತ್ರಗಳ ದಾಖಲೆಯನ್ನು ತಿದ್ದಿದರು. ಗಮನಿಸಬೇಕಾದದ್ದು ಈ ಎರಡು ಸಂಖ್ಯೆಗಳ ನಡುವಿನ ದೂರ. ಹೇಳಿದ್ದೆಲ್ಲ ದಾಖಲೆ ಆಗಲಿಲ್ಲ. ‘ಎಂಥ ಚೆಂದ’ ಅಂತ ಬರೆದವರೂ ಇದ್ದರು, ಅದರಲ್ಲೇನು ತಪ್ಪಿಲ್ಲ. ಆದರೆ ಆಧಾರ ಕೊಟ್ಟು ಹೇಳಿದ ಮಾತು ಮಾತ್ರ ಒಳಗೆ ಹೋಯಿತು.

ಮಕ್ಕಾದ ವೈದ್ಯರ ಹೆಸರು ಅಳಿಸಿದ್ದು

ಮೂಲ ಪ್ರತಿ ಯಾಕೆ ಬೇಕು, ನಕಲು ಸಾಲದೇ ಅಂತ ಕೇಳುವವರಿಗೆ ಹೇಳಲು ಒಂದು ಕಥೆ ಉಂಟು, ಅದು ನಮ್ಮ ಮನೆ ಗೋಡೆಗೆ ಹತ್ತಿರದ್ದು.

ಹಳೆಯ ಮಕ್ಕಾದ ಫೋಟೋಗಳು ನಮ್ಮಲ್ಲಿ ಕ್ಯಾಲೆಂಡರಿನಲ್ಲಿ, ಅಂಗಡಿಯ ಗೋಡೆಯಲ್ಲಿ, ಈಗ ಮೊಬೈಲಿನಲ್ಲಿ ಎಲ್ಲ ಕಡೆ ಇವೆ. ಕಅಬಾದ ಸುತ್ತ ನೆರೆ ನೀರು ನಿಂತು ಒಬ್ಬ ಹುಡುಗ ಈಜುತ್ತಾ ತವಾಫ್ ಮಾಡುವ 1941ರ ಚಿತ್ರ ನೋಡದವರಿಲ್ಲ. ಆ ಹುಡುಗ ಅಲ್ಲಿ ಓದುತ್ತಿದ್ದ ಬಹರೈನ್‌ನವರು. ವಯಸ್ಸಾದ ಮೇಲೆ ಅವರೇ ಆ ದಿನದ ಕಥೆ ಹೇಳಿದ್ದರಿಂದ ಲೋಕಕ್ಕೆ ಗೊತ್ತಾಯಿತು. ಅದಕ್ಕಿಂತ ತುಂಬಾ ಹಿಂದಿನವೂ ಇವೆ. ಈಜಿಪ್ಟಿನ ಸೇನೆಯ ಇಂಜಿನಿಯರ್ ಮುಹಮ್ಮದ್ ಸಾದಿಕ್ ಬೇ 1861ರಲ್ಲಿ ಮದೀನಾದ ಫೋಟೋ ತೆಗೆದರು. 1880ರ ಹಜ್ಜಿನ ಸಮಯದಲ್ಲಿ ಮಕ್ಕಾದ್ದು. ತಿಳಿದಿರುವ ಮಟ್ಟಿಗೆ ಈ ಎರಡು ಪವಿತ್ರ ನಗರಗಳ ಮೊದಲ ಫೋಟೋಗಳು ಅವು. ತೆಗೆದವರು ಒಬ್ಬ ಮುಸ್ಲಿಮರು ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ನಾವು ಹೇಳಲು ಹೊರಟದ್ದು ಅವರ ನಂತರದ ಒಬ್ಬರ ಬಗ್ಗೆ. 1885ರಲ್ಲಿ ಸ್ನೂಕ್ ಹುರ್ಗ್ರೊನ್ಯೆ ಎಂಬ ಡಚ್ ವಿದ್ವಾಂಸ ಅಬ್ದುಲ್ ಗಫ್ಫಾರ್ ಎಂಬ ಹೆಸರಿನಲ್ಲಿ ಮಕ್ಕಾದಲ್ಲಿದ್ದರು. ಅಲ್ಲಿ ಅವರಿಗೆ ಪರಿಚಯವಾದ ಮಕ್ಕಾದ ವೈದ್ಯರೊಬ್ಬರ ಹೆಸರೂ ಸಯ್ಯಿದ್ ಅಬ್ದುಲ್ ಗಫ್ಫಾರ್! ಸ್ನೂಕ್ ತಮ್ಮ ಕ್ಯಾಮೆರಾದಿಂದ ವೈದ್ಯರಿಗೆ ಫೋಟೋ ತೆಗೆಯಲು ಕಲಿಸಿದರು. ಅದೇ ವರ್ಷ ಸ್ನೂಕ್‌ರನ್ನು ಮಕ್ಕಾದಿಂದ ಹೊರಗೆ ಕಳಿಸಲಾಯಿತು. ವೈದ್ಯರು ಅಲ್ಲಿಯೇ ಇದ್ದು, ಹರಮ್‌ನ ನೋಟ, ಊರಿನ ನೋಟ, ಹಾಜಿಗಳ ಚಿತ್ರ ತೆಗೆದು ಜಿದ್ದಾದ ಡಚ್ ಕಚೇರಿಯ ಮೂಲಕ ಅವರಿಗೆ ಕಳಿಸುತ್ತಾ ಬಂದರು. ಫೋಟೋಗಳ ಮೇಲೆ ಅರಬಿಯಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು, ‘ಮಕ್ಕಾದ ವೈದ್ಯ’ ಎಂಬುದನ್ನೂ ಸೇರಿಸಿ.

1889ರಲ್ಲಿ ಆ ಚಿತ್ರಗಳು ಹಾಲೆಂಡಿನಲ್ಲಿ ಪುಸ್ತಕವಾಗಿ ಬಂದವು, ಸ್ನೂಕ್‌ರ ಹೆಸರಿನಲ್ಲಿ. ವೈದ್ಯರ ಸಹಿಯನ್ನು ಅಚ್ಚಿನಲ್ಲಿ ಅಳಿಸಲಾಗಿತ್ತು. ಎಷ್ಟೋ ಕಾಲ ಅವೆಲ್ಲ ಸ್ನೂಕ್ ತೆಗೆದ ಫೋಟೋಗಳು ಅಂತಲೇ ನಡೆಯಿತು. ಇಬ್ಬರದ್ದೂ ಒಂದೇ ಹೆಸರಾದದ್ದು ಗೊಂದಲಕ್ಕೆ ಇನ್ನಷ್ಟು ಅನುಕೂಲವಾಯಿತು. ಸತ್ಯ ಉಳಿದದ್ದು ಒಂದೇ ಕಡೆ: ಮೂಲ ಪ್ರತಿಯಲ್ಲಿ. ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಆ ಪ್ರತಿಗಳ ಮೇಲೆ ವೈದ್ಯರ ಅರಬಿ ಅಕ್ಷರ ಈಗಲೂ ಉಂಟು. ಪುಸ್ತಕವನ್ನು ಮಾತ್ರ ನೋಡಿದವರಿಗೆ, ಪುಸ್ತಕದ ನಕಲನ್ನು ಕ್ಯಾಲೆಂಡರಿನಲ್ಲಿ ನೋಡಿದವರಿಗೆ ಅದು ಸಿಗುವುದೇ ಇಲ್ಲ. ಇವತ್ತು ಮಕ್ಕಾದ ಆ ಕಾಲದ ಫೋಟೋ ಬಂದರೆ ಅದರ ಕೆಳಗೆ ಯಾರ ಹೆಸರು ಹಾಕಿದ್ದಾರೆ ಅಂತ ಒಮ್ಮೆ ನೋಡಿ. ವಿಕಿಮೀಡಿಯ ಕಾಮನ್ಸ್ ಎಂಬಲ್ಲಿ, 2004ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬರುವ ಚಿತ್ರ ಭಂಡಾರ ಅದು, ತೆಗೆದವರು ಯಾರು, ಮೂಲ ಎಲ್ಲಿ ಅಂತ ಬರೆಯಲು ಪ್ರತಿ ಚಿತ್ರಕ್ಕೂ ಜಾಗ ಇಟ್ಟಿದ್ದಾರೆ. ತಪ್ಪಿದ್ದರೆ ಯಾರು ಬೇಕಾದರೂ ಆಧಾರ ತೋರಿಸಿ ತಿದ್ದಬಹುದು. ಅರಬಿ ಓದಲು ಬರುವ ನಮ್ಮ ಮುತಅಲ್ಲಿಮ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ನಮ್ಮ ಕಪಾಟಿನ ಒಳಗೆ

ಇನ್ನು ನಮ್ಮದೇ ಮನೆಯ ವಿಷಯ. ಬ್ಯಾರಿಗಳ ಹಳೆಯ ಫೋಟೋಗಳು ಕಡಿಮೆ, ಅದಕ್ಕೆ ಕಾರಣವೂ ಉಂಟು. ಫೋಟೋ ತೆಗೆಸುವುದು ದೀನಿನ ದೃಷ್ಟಿಯಿಂದ ಸರಿಯೇ ಎಂಬ ಅಂಜಿಕೆಯಿಂದ ದೂರ ಇದ್ದ ಹಿರಿಯರು ಬಹಳ. ಸ್ಟುಡಿಯೋಗೆ ಹೋಗಿ ಬರುವಷ್ಟು ಕಾಸೂ ಎಲ್ಲರಲ್ಲಿ ಇರಲಿಲ್ಲ. ಎಷ್ಟೋ ಅಜ್ಜಂದಿರ ಆಯುಸ್ಸಿನ ಒಂದೇ ಒಂದು ಫೋಟೋ ಹಜ್ಜಿಗೆ ಹೋಗುವಾಗ ಕಾಗದಪತ್ರಕ್ಕೆ ಬೇಕಾಯಿತೆಂದು ತೆಗೆಸಿದ್ದು. 1995ರ ವರೆಗೂ ಮುಂಬೈಯಿಂದ ಜಿದ್ದಾಕ್ಕೆ ಹಡಗು ಹೋಗುತ್ತಿತ್ತು. ಆ ಹಡಗಿನ ಕಾಲದ ಹಾಜಿಗಳ ಅಂಗೈಯಷ್ಟೂ ಇಲ್ಲದ ಆ ಚಿತ್ರ ಇವತ್ತು ಯಾವುದೋ ಪೆಟ್ಟಿಗೆಯಲ್ಲಿ, ಜಾಗದ ಪತ್ರಗಳ ನಡುವೆ ಅಂಟಿಕೊಂಡು ಕೂತಿದೆ. ಆಮೇಲೆ ಗಲ್ಫಿನ ಕಾಲ ಬಂತು. ಪತ್ರದ ಜೊತೆಗೆ ಫೋಟೋ ಬರಲು ಶುರುವಾಯಿತು. ಪರದೆಯ ಮೇಲೆ ಬರೆದ ತೋಟದ ಎದುರು ಹೊಸ ಶರ್ಟು ಹಾಕಿ ನಿಂತ ಉಪ್ಪ.

ಹೀಗಿರುವ ಕೆಲವೇ ಫೋಟೋಗಳನ್ನು ನಾವು ಏನು ಮಾಡುತ್ತಿದ್ದೇವೆ? ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದು, ಅಂಚು ಕತ್ತರಿಸಿ, ಯಾವುದೋ ಆ್ಯಪಿನಲ್ಲಿ ಮುಖ ನುಣುಪು ಮಾಡಿ, ಬಣ್ಣ ಹಚ್ಚಿ ಗ್ರೂಪಿಗೆ ಬಿಡುತ್ತೇವೆ. ಅಲ್ಲಿ ಅದು ಕುಗ್ಗಿ ಸಣ್ಣದಾಗುತ್ತದೆ, ತೆಗೆದ ದಿನ ಮುಂತಾದ ವಿವರ ಕಳಚಿ ಹೋಗುತ್ತದೆ. ಮೂಲ ಪ್ರತಿ ಮನೆ ಒಡೆದು ಕಟ್ಟುವಾಗ ಹಳೆಯ ಸಾಮಾನಿನ ಜೊತೆ ಗುಜರಿಗೆ. ಇನ್ನು ಐವತ್ತು ವರ್ಷ ಕಳೆದು ಯಾರಾದರೂ ಮೂಲ ಹುಡುಕುತ್ತಾ ಹಿಂದೆ ಹೋದರೆ ಅವರಿಗೆ ಸಿಗುವುದು ಒಂದು ಫಾರ್ವರ್ಡ್ ಮಾತ್ರ.

ಫೋಟೋದ ಮುಂಬದಿಗಿಂತ ಹಿಂಬದಿ ಹೆಚ್ಚು ಮಾತಾಡುತ್ತದೆ. ಸ್ಟುಡಿಯೋದ ಮೊಹರು ಇದ್ದರೆ ಊರು ಗೊತ್ತಾಯಿತು. ಆ ಸ್ಟುಡಿಯೋ ಯಾವಾಗ ಇತ್ತು, ಯಾವಾಗ ಮುಚ್ಚಿತು ಅಂತ ಪೇಟೆಯ ಹಳಬರು ಹೇಳಿದರೆ ಕಾಲ ಹತ್ತಿರಕ್ಕೆ ಬಂತು. ಕೈಬರಹ ಇರಬಹುದು. ಅದು ಕನ್ನಡದಲ್ಲೇ ಇರಬೇಕು ಅಂತ ಇಲ್ಲ; ಶಾಲೆಯ ಮುಖ ನೋಡದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಮದ್ರಸದಲ್ಲಿ ಕಲಿತ ಅರಬಿ ಮಲಯಾಳಂ ಲಿಪಿ ಓದಲು ಬರೆಯಲು ಬರುತ್ತಿತ್ತು. ಅದನ್ನು ಇವತ್ತಿನ ಇಂಜಿನಿಯರ್ ಮೊಮ್ಮಗನಿಗೆ ಓದಲು ಆಗುವುದಿಲ್ಲ, ಮಸೀದಿಯ ಹಿರಿಯ ಉಸ್ತಾದರಿಗೆ ಆಗುತ್ತದೆ. ಸ್ಕ್ಯಾನ್ ಮಾಡಲು ಉಸ್ತಾದರಿಗೆ ಬಾರದು, ಮೊಮ್ಮಗನಿಗೆ ಬರುತ್ತದೆ. ಫೋಟೋದಲ್ಲಿ ಎಡದಿಂದ ಮೂರನೆಯವರು ಯಾರು ಅಂತ ಇಬ್ಬರಿಗೂ ಗೊತ್ತಿಲ್ಲ, ಕೋಣೆಯೊಳಗೆ ತಸ್ಬೀಹ್ ಹಿಡಿದು ಕೂತ ಅಜ್ಜಿಗೆ ಗೊತ್ತುಂಟು. ಅಜ್ಜಿಯ ಕಿವಿಯಲ್ಲಿ ಅಲಿಕತ್ತ್ ಇರುವ ಕಾಲದ ಫೋಟೋವೇ ಅಂತ ಕೇಳಿದರೆ ಮದುವೆಗೆ ಮೊದಲೋ ನಂತರವೋ ಎಂಬುದೂ ಹೊರಗೆ ಬರುತ್ತದೆ.

ಹಾಗಾಗಿ ಜಮಾಅತಿನ ಯುವಕರು ಒಂದು ಭಾನುವಾರ ಕೂತು ಮಾಡಬಹುದಾದ ಕೆಲಸ ಇದು. ದೊಡ್ಡ ಖರ್ಚಿಲ್ಲ. ಒಂದು ಸಾಧಾರಣ ಸ್ಕ್ಯಾನರ್ ಸಾಕು. ಇಂಚಿಗೆ 600 ಚುಕ್ಕೆಯ ಅಳತೆಯಲ್ಲಿ ಮುಂದೆ ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಬೇಕು. ಫೋಟೋವನ್ನು ಲ್ಯಾಮಿನೇಶನ್ ಮಾಡಿಸುವ ಹುಚ್ಚು ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ಅಂಟು ಪುಟದ ಆಲ್ಬಮ್‌ಗಳೂ ಒಳ್ಳೆಯದಲ್ಲ, ನಮ್ಮ ಮಳೆಗಾಲದ ತೇವಕ್ಕೆ ಫೋಟೋ ಅದಕ್ಕೇ ಹಿಡಿದುಬಿಡುತ್ತದೆ. ಹೆಸರು ಬರೆಯುವುದಾದರೆ ಹಿಂಬದಿಯಲ್ಲಿ ಅಂಚಿಗೆ, ಮೆದು ಪೆನ್ಸಿಲಿನಲ್ಲಿ. ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದಲ್ಲಿ ಗುರುತು ಬೀಳುತ್ತದೆ. ಮುಖ್ಯವಾಗಿ, ‘ಇದು ಇಂಥವರು’ ಎಂಬುದರ ಪಕ್ಕದಲ್ಲಿ ‘ಹೇಳಿದವರು ಇಂಥವರು, ಇಂಥ ದಿನ’ ಅಂತ ಬರೆಯದೆ ಬಿಡಬಾರದು. ಇಬ್ಬರು ಹಿರಿಯರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಮುಂದೊಂದು ದಿನ ಇನ್ನೊಂದು ಮನೆಯ ಪೆಟ್ಟಿಗೆಯಲ್ಲಿ ಅದೇ ಫೋಟೋದ ಇನ್ನೊಂದು ಪ್ರತಿ ಸಿಕ್ಕಿ ತೀರ್ಮಾನ ಆದೀತು. ಒಂದೇ ಮದುವೆಯ ಫೋಟೋ ನಾಲ್ಕು ಮನೆಗೆ ಹೋಗಿರುತ್ತದಲ್ಲ.

ಹೆಂಗಸರ ಫೋಟೋ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಳೆಯ ಫೋಟೋ ಸಂಗ್ರಹ ಅಂದರೆ ಎಲ್ಲವನ್ನೂ ಹೊರಗೆ ಹಾಕುವುದು ಅಂತ ಅಲ್ಲ. ‘ಉಮ್ಮನ ಫೋಟೋ ಯಾರಿಗೂ ತೋರಿಸಬೇಡ’ ಅಂತ ಮನೆಯವರು ಹೇಳಿದರೆ ಅಲ್ಲಿಗೆ ಮುಗಿಯಿತು. ಸ್ಕ್ಯಾನ್ ಮಾಡಿದ ಪ್ರತಿ ಅದೇ ಮನೆಯಲ್ಲಿ ಇರಲಿ, ಹೆಸರು ಊರು ಬರೆದಿಡಲಿ, ಮೊಮ್ಮಕ್ಕಳಿಗೆ ಸಿಗಲಿ. ಹೆಂಗಸರ ಫೋಟೋಗಳನ್ನು ಹೆಂಗಸರೇ ಕೂತು ಗುರುತಿಸಿದರೆ ಕೆಲಸವೂ ಚುರುಕಾಗುತ್ತದೆ. ಯಾರ ಮದುವೆಗೆ ಯಾರು ಯಾವ ಸೀರೆ ಉಟ್ಟಿದ್ದರು ಅಂತ ಗಂಡಸರಲ್ಲಿ ಕೇಳಿ ಪ್ರಯೋಜನ ಇಲ್ಲ.

ಮನೆಯ ಪೆಟ್ಟಿಗೆ ಮುಗಿದ ಮೇಲೆ ನೋಡಬೇಕಾದ ಇನ್ನೊಂದು ಜಾಗ ಸ್ವಿಟ್ಜರ್ಲೆಂಡಿನಲ್ಲಿ ಉಂಟು. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎಲ್ಲ ಮಾಡಿದರು. ಹೋದಲ್ಲೆಲ್ಲ ಫೋಟೋ ತೆಗೆದು ಬಾಸೆಲ್ ನಗರಕ್ಕೆ ಕಳಿಸಿದರು. ಆಫ್ರಿಕ, ಚೀನಾ, ಭಾರತ ಎಲ್ಲ ಸೇರಿ ಅಲ್ಲಿಯ ಸಂಗ್ರಹದಲ್ಲಿ ಸುಮಾರು 28,000 ಚಿತ್ರಗಳಿದ್ದು, 2002ರಿಂದ ಮನೆಯಲ್ಲಿ ಕೂತೇ ನೋಡಬಹುದು. ಮಂಗಳೂರಿನದ್ದೂ ಅದರಲ್ಲಿವೆ. ಇಂಥ ಸಂಗ್ರಹಗಳಲ್ಲಿ ಪಾದ್ರಿಗಳ ಹೆಸರು ಸರಿಯಾಗಿ ಸಿಗುತ್ತದೆ, ಕೆಲಸ ಮಾಡಿದವರದ್ದು, ದಾರಿಯಲ್ಲಿ ನಿಂತವರದ್ದು ಸಿಗುವುದು ಅಪರೂಪ. ಒಂದು ಓಣಿಯ ಚಿತ್ರಕ್ಕೆ ‘ಮಂಗಳೂರು’ ಅಂತ ಮಾತ್ರ ಇದ್ದರೆ ಅದು ಬಂದರೋ, ಕಂದಕವೋ, ಕುದ್ರೋಳಿಯೋ ಅಂತ ಬಾಸೆಲ್‌ನವರು ಹೇಗೆ ಹೇಳಬೇಕು? ಮಸೀದಿಯ ಮಾಡಿನ ಇಳಿಜಾರು, ಬಾವಿಕಟ್ಟೆ, ದಕ್ಕೆಗೆ ಹೋಗುವ ತಿರುವು ಕಣ್ಣಲ್ಲಿ ಇಟ್ಟುಕೊಂಡವರು ಹೇಳಬೇಕು. ಅವರು ಬಂದರಿನಲ್ಲಿ ಇದ್ದಾರೆ, ಅಸರ್ ಆದ ಮೇಲೆ ಮಸೀದಿಯ ಜಗಲಿಯಲ್ಲಿ ಸಿಗುತ್ತಾರೆ. ಮೊಬೈಲಿನ ಪರದೆ ಅವರಿಗೆ ಸಣ್ಣದಾಗುತ್ತದೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ.